ಮರ್ಕೆಲ್ ಸೆಲ್ ಕ್ಯಾನ್ಸರ್: ಮೈಮೇಲೆ ಸುಮ್ನೆ ಕೂತಿದ್ದ ವೈರಸ್ ಗೆಡ್ಡೆ ಬೆಳೆಸುವುದು ಹೇಗೆ?

ಮೇಣದಚ್ಚು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಈಗ ಅಮೆರಿಕದಲ್ಲಿ ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರು ಕತ್ತರಿಸಿ ಕಳಿಸಿದ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ, ಮೈಕ್ರೋಟೋಮಿನಲ್ಲಿ ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಸೀಳಿ, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆ ಎತ್ತಿಕೊಂಡು ಬಣ್ಣ ಹಾಕಿ ಕೊಡುವುದು ನನ್ನ ಕೆಲಸ.

ಮೊನ್ನೆ ಒಂದು ಚರ್ಮದ ಗೆಡ್ಡೆಯ ಬ್ಲಾಕ್ ಬಂತು. ಯಾರದು, ಎಲ್ಲಿಯದು ಅಂತ ಹೇಳುವ ಹಾಗಿಲ್ಲ. ಮಾಮೂಲಿ ಬಣ್ಣದಲ್ಲಿ ನೋಡಿದರೆ ಬರೀ ನೀಲಿ ನೀಲಿ ಸಣ್ಣ ಕೋಶಗಳು, ರಾಗಿ ಚೆಲ್ಲಿದ ಹಾಗೆ ಒತ್ತೊತ್ತಾಗಿ. ಆಮೇಲೆ ಸಿಕೆ20 ಅನ್ನುವ ಬಣ್ಣ ಹಾಕಿದೆ. ಒಂದೊಂದು ಕೋಶದ ನ್ಯೂಕ್ಲಿಯಸ್ ಪಕ್ಕದಲ್ಲೂ ಒಂದು ಕಂದು ಚುಕ್ಕೆ. ಆ ಚುಕ್ಕೆ ಕಂಡರೆ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ, ಮರ್ಕೆಲ್ ಸೆಲ್ ಕಾರ್ಸಿನೋಮಾ.

ಕೊನೆಗೆ ಇನ್ನೊಂದು ಬಣ್ಣ ಹಾಕಲು ಹೇಳಿದರು. ಅದು ಅಂಟಿಕೊಳ್ಳುವುದು ಒಂದು ವೈರಸ್ಸಿನ ಪ್ರೋಟೀನಿಗೆ. ಗೆಡ್ಡೆಯ ಕೋಶಗಳ ನ್ಯೂಕ್ಲಿಯಸ್ಸೆಲ್ಲ ಕಂದು! ಅದೇ ಗಾಜಿನಲ್ಲಿ ಮೇಲ್ಗಡೆ ಒಂದು ಎಳೆ ಒಳ್ಳೆಯ ಚರ್ಮ ಇತ್ತು, ಅದರಲ್ಲಿ ಏನೂ ಇಲ್ಲ, ಖಾಲಿ. ಗೆರೆ ಎಳೆದ ಹಾಗೆ. ಎಷ್ಟೋ ಸ್ಲೈಡ್ ನೋಡಿದವಳಿಗೆ ಇದನ್ನು ನೋಡಿ ಸುಮ್ಮನೆ ಕೂರಲಾಗಲಿಲ್ಲ. ಮನೆಗೆ ಬಂದು ಎರಡು ರಾತ್ರಿ ಓದಿದೆ.

ಓದಿದ್ದರಲ್ಲಿ ಗೊತ್ತಾಗಿದ್ದು ಇದು. ಈ ವೈರಸ್ಸಿನ ಹೆಸರು ಮರ್ಕೆಲ್ ಸೆಲ್ ಪಾಲಿಯೋಮಾವೈರಸ್. 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅವರ ತಂಡ ಕಂಡುಹಿಡಿದದ್ದು. ಗಂಡ ಹೆಂಡತಿ ಇಬ್ಬರೂ ವಿಜ್ಞಾನಿಗಳು. ಇವರೇ 1994ರಲ್ಲಿ ಕಪೋಸಿ ಸಾರ್ಕೋಮಾ ಅನ್ನುವ ಇನ್ನೊಂದು ಕ್ಯಾನ್ಸರಿನ ವೈರಸ್ ಹಿಡಿದವರು. ಏಡ್ಸ್ ಇದ್ದವರಲ್ಲಿ ಮರ್ಕೆಲ್ ಗೆಡ್ಡೆ ಸುಮಾರು 13 ಪಟ್ಟು ಜಾಸ್ತಿ ಅಂತ 2002ರ ಹೊತ್ತಿಗೇ ಗೊತ್ತಿತ್ತು. ಮೈಯ ಕಾವಲು ಕುಸಿದಾಗ ಬರುವ ಕ್ಯಾನ್ಸರ್ ಅಂದರೆ ಹಿಂದೆ ಯಾವುದೋ ವೈರಸ್ ಇರಬಹುದು ಅನ್ನುವುದು ಅವರ ಗುಮಾನಿ.

ಹುಡುಕಿದ ರೀತಿ ಮಾತ್ರ ನಮ್ಮ ಅಜ್ಜಿ ಅಕ್ಕಿ ಕೇರಿದ ಹಾಗೇ ಇದೆ. ಗೆಡ್ಡೆಗಳಲ್ಲಿ ಓಡಾಡುತ್ತಿದ್ದ ಆರ್‌ಎನ್‌ಎ ಸಂದೇಶಗಳನ್ನೆಲ್ಲ ಓದಿಸಿದರು, 4 ಲಕ್ಷದ ಹತ್ತಿರ ತುಣುಕು. ಅದರಲ್ಲಿ ಮನುಷ್ಯನದು ಅಂತ ಗೊತ್ತಿದ್ದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ತೂರಿಬಿಟ್ಟರು. ಮೊರದಲ್ಲಿ ಉಳಿದ ಕಲ್ಲುಗಳಲ್ಲಿ ಒಂದು, ಮಂಗನಲ್ಲಿ ಸಿಗುವ ಪಾಲಿಯೋಮಾವೈರಸ್ಸನ್ನು ಹೋಲುತ್ತಿತ್ತು. ಅಲ್ಲಿಂದ ಎಳೆ ಹಿಡಿದು ಇಡೀ ವೈರಸ್ ಹೊರಗೆ ತಂದರು.

ಇಡೀ ವೈರಸ್ ಅಂದರೆ ಎಷ್ಟು? ಸುಮಾರು 5,400 ಅಕ್ಷರ. ನಮ್ಮ ಡಿಎನ್‌ಎ 300 ಕೋಟಿ ಅಕ್ಷರ. ಇಷ್ಟೇ ಇಷ್ಟು ಇರುವುದು ಅಷ್ಟು ದೊಡ್ಡದನ್ನು ಹೇಗೆ ದಾರಿ ತಪ್ಪಿಸುತ್ತದೆ ಅಂತ ತಿಳಿದವರು ಬಿಡಿಸಿ ಹೇಳಿ.

ಎರಡನೇ ಪಿಯುಸಿ

ಅಕ್ಕ, ಇದು ಜರ್ಮನಿಯ ಆ ಮರ್ಕೆಲ್ ಮೇಡಂ ಹೆಸರಾ?

ಮೇಣದಚ್ಚು

ಅಲ್ಲಪ್ಪ! ಫ್ರೀಡ್ರಿಚ್ ಮರ್ಕೆಲ್ ಅಂತ, ಅವರೂ ಜರ್ಮನಿಯವರೇ. 1875ರಲ್ಲಿ ಚರ್ಮದಲ್ಲಿ ಸ್ಪರ್ಶಕ್ಕೆ ಸಂಬಂಧಪಟ್ಟ ಕೋಶಗಳನ್ನು ವಿವರಿಸಿದವರು. ನಿನ್ನ ಬೆರಳ ತುದಿಯಲ್ಲಿ ಜಾಸ್ತಿ ಇರುತ್ತವೆ. ಜೇಬಿನಲ್ಲಿ ಕೈ ಹಾಕಿ, ನೋಡದೆ, ಇದು ಒಂದು ರೂಪಾಯಿ ಇದು ಎರಡು ರೂಪಾಯಿ ಅಂತ ಹೇಳುತ್ತೀಯಲ್ಲ, ಅದರಲ್ಲಿ ಇವುಗಳ ಪಾಲಿದೆ. ಗೆಡ್ಡೆಯನ್ನು ಮೊದಲು ವಿವರಿಸಿದ್ದು ಸಿರಿಲ್ ಟೋಕರ್, 1972ರಲ್ಲಿ, ಐದು ರೋಗಿಗಳನ್ನು ನೋಡಿ. ಆಗ ಹೆಸರೇ ಬೇರೆ ಇತ್ತು. ಗೆಡ್ಡೆಯ ಕೋಶ ನೋಡಲು ಮರ್ಕೆಲ್ ಕೋಶದ ಹಾಗಿದೆ ಅಂತ ಆಮೇಲೆ ಈ ಹೆಸರು ಬಂತು. ನಿಜಕ್ಕೂ ಅದರಿಂದಲೇ ಹುಟ್ಟುತ್ತದಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಪಿಪೆಟ್ ರಾಜ

ಮೇಡಂ, ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವೈರಸ್ ನನ್ನ ವಿಷಯ ಅಲ್ಲ, ಆದರೆ ಕೋಶ ಒಡೆಯುವುದನ್ನು ತಡೆಯುವ ಪ್ರೋಟೀನುಗಳ ಜೊತೆ ನಾಲ್ಕು ವರ್ಷದಿಂದ ಒದ್ದಾಡುತ್ತಿದ್ದೇನೆ. ಹಾಗಾಗಿ ಬಾಯಿ ಹಾಕುತ್ತೇನೆ.

ಈ ವೈರಸ್ಸಿನಲ್ಲಿ ಗೆಡ್ಡೆಗೆ ಬೇಕಾದ ಪ್ರೋಟೀನ್ ಎರಡೇ. ಲಾರ್ಜ್ ಟಿ, ಸ್ಮಾಲ್ ಟಿ. ದೊಡ್ಡ ಟಿ, ಸಣ್ಣ ಟಿ ಅನ್ನೋಣ.

ನಮ್ಮ ಕೋಶಗಳಲ್ಲಿ ಆರ್‌ಬಿ ಅಂತ ಒಂದು ಪ್ರೋಟೀನ್ ಇದೆ. ಕೋಶ ಒಂದು ಎರಡಾಗಲು ಬೇಕಾದ ಜೀನುಗಳನ್ನು ಚಾಲೂ ಮಾಡುವುದು ಇ2ಎಫ್. ಆ ಇ2ಎಫ್ ಅನ್ನು ಆರ್‌ಬಿ ಅದುಮಿ ಹಿಡಿದಿರುತ್ತದೆ. ಬೆಳೆಯುವ ಹೊತ್ತು ಬಂದಾಗ ಮಾತ್ರ ಬಿಡುತ್ತದೆ. ವೈರಸ್ಸಿನ ದೊಡ್ಡ ಟಿಯಲ್ಲಿ ಆರ್‌ಬಿಗೆ ಸರಿಯಾಗಿ ಕೂರುವ ಒಂದು ಚಿಕ್ಕ ಕೊಕ್ಕೆ ಇದೆ, ಬರೀ ಐದು ಅಮೈನೋ ಆಮ್ಲದ ಉದ್ದ. ಅದು ಹೋಗಿ ಆರ್‌ಬಿಗೆ ಸಿಕ್ಕಿಕೊಂಡರೆ ಆರ್‌ಬಿಯ ಕೈ ಕಟ್ಟಿದಂತೆ. ಇ2ಎಫ್ ಸಡಿಲ. ಕೋಶ ಒಡೆಯುತ್ತಾ ಹೋಗುತ್ತದೆ.

ಮಜಾ ಏನು ಗೊತ್ತಾ? ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ಬೇರೆಯದೇ ವೈರಸ್. ಅದರ ಇ7 ಪ್ರೋಟೀನ್ ಕೂಡ ಇದೇ ಆರ್‌ಬಿಗೆ ಇದೇ ಥರದ ಕೊಕ್ಕೆ ಹಾಕುತ್ತದೆ. ಎಚ್‌ಪಿವಿ ಕೆಲಸಕ್ಕೆ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ ನೊಬೆಲ್ ಸಿಕ್ಕಿದ್ದೂ 2008ರಲ್ಲೇ.

ಕೆರೆ ಏರಿ

ನಾನು ಹಿರಿಯೂರು ಕಡೆಯ ರಿಟೈರ್ಡ್ ಮೇಷ್ಟ್ರು. ವಿಜ್ಞಾನ ಪಾಠ ಮಾಡುತ್ತಿದ್ದೆ, ಆದರೆ ಈ ಆರ್‌ಬಿ ಇ2ಎಫ್ ಎಲ್ಲ ನಮ್ಮ ಕಾಲದ ಪುಸ್ತಕದಲ್ಲಿ ಇರಲಿಲ್ಲ. ನನಗೆ ಅರ್ಥ ಆದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಆರ್‌ಬಿ ಅಂದರೆ ಕೆರೆಯ ತೂಬು. ತೂಬು ಮುಚ್ಚಿದ್ದರೆ ನೀರು ಗದ್ದೆಗೆ ಹೋಗಲ್ಲ. ಈ ದೊಡ್ಡ ಟಿ ಬಂದು ತೂಬಿಗೆ ಕಲ್ಲು ಕೊಟ್ಟು ಮುಚ್ಚದ ಹಾಗೆ ಮಾಡಿದೆ. ನೀರು ಹಗಲೂ ರಾತ್ರಿ ಹರಿಯುತ್ತಿದೆ. ಸರಿಯಾ?

ಆದರೆ ನಮ್ಮೂರಲ್ಲಿ ತೂಬಿಗೆ ಯಾರಾದರೂ ಕೈ ಹಾಕಿದರೆ ನೀರಗಂಟಿ ಬಂದು ಬೊಬ್ಬೆ ಹಾಕುತ್ತಿದ್ದ. ಕೋಶದಲ್ಲಿ ನೀರಗಂಟಿ ಇಲ್ಲವಾ?

ಪಿಪೆಟ್ ರಾಜ

ಮೇಷ್ಟ್ರೇ, ಕಾಲಿಗೆ ಬಿದ್ದೆ. ನಮ್ಮ ಗೈಡ್ ಕೂಡ ಇಷ್ಟು ಚೆನ್ನಾಗಿ ಕೇಳಲ್ಲ.

ಇದ್ದಾನೆ ನೀರಗಂಟಿ. ಹೆಸರು ಪಿ53. ಆರ್‌ಬಿ ಕೈಬಿಟ್ಟು ಕೋಶ ಹದ ತಪ್ಪಿ ಓಡತೊಡಗಿದರೆ ಪಿ53 ಏಳುತ್ತದೆ. ಒಂದೋ ಒಡೆಯುವುದನ್ನು ನಿಲ್ಲಿಸುತ್ತದೆ, ಇಲ್ಲವೋ ಆ ಕೋಶವನ್ನೇ ಸಾಯಿಸುತ್ತದೆ. ಹಾಗಾಗಿ ದೊಡ್ಡ ಟಿ ಒಂದೇ ಇದ್ದಿದ್ದರೆ ಗೆಡ್ಡೆ ಆಗುವುದು ಕಷ್ಟ ಇತ್ತು. ಇಲ್ಲಿ ಸಣ್ಣ ಟಿ ಬರುತ್ತದೆ. ಸಣ್ಣದು ಅಂದರೆ ನಿಜಕ್ಕೂ ಸಣ್ಣದು, 186 ಅಮೈನೋ ಆಮ್ಲ ಅಷ್ಟೇ. ಇದು ನಮ್ಮದೇ ಕೋಶದ ಎಲ್-ಮಿಕ್ ಅನ್ನುವ ಪ್ರೋಟೀನನ್ನು ಎಳೆದುಕೊಂಡು ಹೋಗಿ ಇಪಿ400 ಅನ್ನುವ ದೊಡ್ಡ ಗುಂಪಿನ ಜೊತೆ ಸೇರಿಸುತ್ತದೆ. ಬಾಸ್ಟನ್‌ನಲ್ಲಿ ಜೇಮ್ಸ್ ಡಿಕ್ಯಾಪ್ರಿಯೋ ಅವರ ಲ್ಯಾಬ್ 2017ರಲ್ಲಿ ತೋರಿಸಿದ್ದು. ಈ ಗುಂಪು ಹೋಗಿ ಕೂತ ಜೀನುಗಳೆಲ್ಲ ಜೋರಾಗಿ ಚಾಲೂ ಆಗುತ್ತವೆ. ಅದರಲ್ಲಿ ಒಂದು ಎಂಡಿಎಂ2. ಎಂಡಿಎಂ2 ಕೆಲಸವೇ ಪಿ53 ಅನ್ನು ಹಿಡಿದು ಕಸದ ಬುಟ್ಟಿಗೆ ಕಳಿಸುವುದು.

ಅಂದರೆ ದೊಡ್ಡ ಟಿ ತೂಬಿಗೆ ಕಲ್ಲು ಕೊಡುತ್ತದೆ, ಸಣ್ಣ ಟಿ ನೀರಗಂಟಿ ಎದ್ದು ಬರದ ಹಾಗೆ ನೋಡಿಕೊಳ್ಳುತ್ತದೆ. ಗಮನಿಸಿ, ನೀರಗಂಟಿ ಸತ್ತಿಲ್ಲ. ವೈರಸ್ ಇರುವ ಗೆಡ್ಡೆಗಳಲ್ಲಿ ಪಿ53 ಜೀನ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಎಂಡಿಎಂ2 ಅನ್ನು ತಡೆಯುವ ಔಷಧಿ ಕೊಟ್ಟರೆ ಎದ್ದು ಕೂರಬಹುದು ಅನ್ನುವ ಆಸೆಯಲ್ಲಿ ಅಂಥ ಔಷಧಿಗಳನ್ನು ಪರೀಕ್ಷೆ ಮಾಡುತ್ತಿದ್ದಾರೆ.

ಬ್ರಿಸ್ಬೇನ್ ಭಾವ

ನಮಸ್ಕಾರ, ಆಸ್ಟ್ರೇಲಿಯಾದಿಂದ. ಇಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಚರ್ಮದ ಕ್ಲಿನಿಕ್ ಒಂದರಲ್ಲಿ ನರ್ಸ್ ನಾನು. ನೀವೆಲ್ಲ ವೈರಸ್ ವೈರಸ್ ಅನ್ನುತ್ತಿದ್ದೀರಿ, ನಮ್ಮ ಕಡೆ ಕಥೆ ಉಲ್ಟಾ. ಅಮೆರಿಕ, ಯುರೋಪಿನಲ್ಲಿ ಹತ್ತರಲ್ಲಿ ಎಂಟು ಮರ್ಕೆಲ್ ಗೆಡ್ಡೆಗಳಲ್ಲಿ ವೈರಸ್ ಸಿಗುತ್ತದೆ. ಇಲ್ಲಿ ಜಾಸ್ತಿ ಪಾಲು ಗೆಡ್ಡೆಗಳಲ್ಲಿ ವೈರಸ್ಸೇ ಇಲ್ಲ. ಕಾರಣ ಬಿಸಿಲು.

ಬಿಳಿ ಚರ್ಮದ ವಯಸ್ಸಾದವರು. ಜೀವನ ಪೂರ್ತಿ ಹೊಲದಲ್ಲೋ ದೋಣಿಯಲ್ಲೋ ಕೆಲಸ ಮಾಡಿದವರು. ಅವರ ಕೆನ್ನೆ, ಕಿವಿ, ತಲೆ ನೋಡಿದರೆ ಒಣಗಿದ ಕೆರೆಯ ತಳ ನೋಡಿದ ಹಾಗೆ. ನೇರಳಾತೀತ ಕಿರಣ ಬಿದ್ದು ಬಿದ್ದು ಡಿಎನ್‌ಎಯಲ್ಲಿ ತಪ್ಪು ಸೇರುತ್ತಾ ಹೋಗುತ್ತದೆ. ವೈರಸ್ ಇಲ್ಲದ ಗೆಡ್ಡೆಯಲ್ಲಿ ಇಂಥ ತಪ್ಪು, ವೈರಸ್ ಇರುವ ಗೆಡ್ಡೆಗಿಂತ ಸುಮಾರು ನೂರು ಪಟ್ಟು ಜಾಸ್ತಿ. ಯಾವ ಜೀನ್ ಕೆಟ್ಟಿರುತ್ತದೆ ಅಂತ ನೋಡಿದರೆ ಅವೇ ಎರಡು ಹೆಸರು, ಆರ್‌ಬಿ, ಪಿ53.

ಮೇಷ್ಟ್ರ ಲೆಕ್ಕದಲ್ಲಿ ಹೇಳುವುದಾದರೆ, ಬಿಸಿಲು ತೂಬನ್ನೇ ಒಡೆಯಿತು, ನೀರಗಂಟಿಯನ್ನೂ ಸಾಯಿಸಿತು. ಅದಕ್ಕೆ ನಲವತ್ತು ಐವತ್ತು ವರ್ಷ, ಸಾವಿರಾರು ತಪ್ಪು ಬೇಕಾಯಿತು. ವೈರಸ್ ಅದೇ ಕೆಲಸವನ್ನು ಎರಡು ಪ್ರೋಟೀನಿನಲ್ಲಿ ಮುಗಿಸಿತು.

ನೇರನುಡಿ

ಎಲ್ಲ ಸರಿ. ಆದರೆ ಗೆಡ್ಡೆಯಲ್ಲಿ ವೈರಸ್ ಇದ್ದ ಮಾತ್ರಕ್ಕೆ ಅದೇ ಮಾಡಿದ್ದು ಅಂತ ಹೇಗೆ? ಜಾತ್ರೆಯಲ್ಲಿ ಜೇಬು ಹೋಯಿತು ಅಂತ ಜಾತ್ರೆಗೆ ಬಂದವರನ್ನೆಲ್ಲ ಕಳ್ಳರು ಅನ್ನುತ್ತೀರಾ? ಈ ವೈರಸ್ ತುಂಬಾ ಜನರ ಚರ್ಮದ ಮೇಲೆ ಇದೆ ಅಂತ ನಾನೂ ಓದಿದ್ದೇನೆ. ಹಾಗಿದ್ದರೆ ಗೆಡ್ಡೆಯೊಳಗೂ ಸುಮ್ನೆ ಬಂದು ಸೇರಿರಬಹುದಲ್ಲ. ಔಷಧಿ ಕಂಪನಿಗಳಿಗೆ ಹೊಸ ಭೂತ ಬೇಕು, ಅಷ್ಟೇ.

ಮೇಣದಚ್ಚು

ಭೂತದ ಮಾತು ಬಿಡಿ ಸರ್, ಮೊದಲಿನ ಪ್ರಶ್ನೆ ಮಾತ್ರ ಸರಿಯಾದ ಪ್ರಶ್ನೆ. ಮೊದಲ ಪೇಪರಿನಲ್ಲೇ ಅದನ್ನು ನೋಡಿದ್ದಾರೆ. 10 ಮರ್ಕೆಲ್ ಗೆಡ್ಡೆಗಳಲ್ಲಿ 8ರಲ್ಲಿ ವೈರಸ್ ಇತ್ತು. ಬೇರೆ ಬೇರೆ ಅಂಗಗಳ 59 ಚೂರು ನೋಡಿದಾಗ 5ರಲ್ಲಿ, ಮರ್ಕೆಲ್ ಇಲ್ಲದ 25 ಚರ್ಮದ ಚೂರುಗಳಲ್ಲಿ 4ರಲ್ಲಿ. ಅಂದರೆ ನೀವು ಹೇಳಿದ ಹಾಗೆ ಅಲ್ಲಲ್ಲಿ ಸುಮ್ನೆ ಇರುತ್ತದೆ, ನಿಜ. ಆದರೆ ವೈರಸ್ ಸಿಕ್ಕ 8ರಲ್ಲಿ 6 ಗೆಡ್ಡೆಗಳಲ್ಲಿ ಅದು ಕೋಶದ ಡಿಎನ್‌ಎಯೊಳಗೇ ಹೊಲಿದುಕೊಂಡಿತ್ತು. ಅದೂ ಒಂದು ಗೆಡ್ಡೆಯ ಕೋಶಗಳಲ್ಲೆಲ್ಲ ಒಂದೇ ಜಾಗದಲ್ಲಿ.

ಪಿಪೆಟ್ ರಾಜ

ಇದನ್ನು ಸ್ವಲ್ಪ ಬಿಡಿಸುತ್ತೇನೆ, ಯಾಕಂದರೆ ಇಡೀ ಕೇಸು ನಿಂತಿರುವುದು ಇದರ ಮೇಲೆ. ಗೆಡ್ಡೆ ಬೆಳೆದ ಮೇಲೆ ವೈರಸ್ ಒಳಗೆ ನುಗ್ಗಿದ್ದರೆ ಒಂದೊಂದು ಕೋಶದಲ್ಲಿ ಒಂದೊಂದು ಕಡೆ ಸೇರಿಕೊಂಡಿರಬೇಕಿತ್ತು. ನೂರು ಜನ ಬೇರೆ ಬೇರೆ ಹೊತ್ತಿನಲ್ಲಿ ಬಸ್ಸು ಹತ್ತಿದರೆ ನೂರು ಜನರ ಟಿಕೆಟ್ಟಿನಲ್ಲೂ ಒಂದೇ ನಂಬರ್ ಇರಲು ಸಾಧ್ಯವಾ? ಎಲ್ಲ ಕೋಶಗಳಲ್ಲೂ ಒಂದೇ ಜಾಗ ಅಂದರೆ, ಮೊದಲು ಒಂದೇ ಒಂದು ಕೋಶಕ್ಕೆ ವೈರಸ್ ಹೊಲಿದುಕೊಂಡಿತು, ಆಮೇಲೆ ಆ ಕೋಶದ ಸಂತಾನವೇ ಗೆಡ್ಡೆ ಆಯಿತು.

ಇನ್ನೊಂದು ಸಾಕ್ಷಿ 2010ರದು. ವೈರಸ್ ಇರುವ ಮರ್ಕೆಲ್ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಅವುಗಳಲ್ಲಿ ಟಿ ಪ್ರೋಟೀನ್ ತಯಾರಾಗದ ಹಾಗೆ ಮಾಡಿದರು. ಜರ್ಮನಿಯ ರೋಲಂಡ್ ಹೌಬೆನ್ ಮತ್ತು ಜೊತೆಯವರ ಕೆಲಸ. ಕೋಶಗಳು ಬೆಳೆಯುವುದು ನಿಲ್ಲಿಸಿದವು, ಸಾಯತೊಡಗಿದವು. ವೈರಸ್ ಇಲ್ಲದ ಕೋಶಗಳಿಗೆ ಅದೇ ಮಾಡಿದರೆ ಏನೂ ಆಗಲಿಲ್ಲ. ಸುಮ್ನೆ ಜಾತ್ರೆ ನೋಡಲು ಬಂದವನನ್ನು ಹೊರಗೆ ಕಳಿಸಿದರೆ ಜಾತ್ರೆ ನಿಲ್ಲಲ್ಲ ಅಲ್ವಾ ಸರ್.

ನೇರನುಡಿ

ಟಿಕೆಟ್ ನಂಬರ್ ಮಾತು ಒಪ್ಪಿದೆ. ಮುಂದೆ ಹೇಳಿ.

ಎರಡನೇ ಪಿಯುಸಿ

ಅಣ್ಣ ನನಗೊಂದು ಡೌಟು. ವೈರಸ್ಸಿಗೆ ಇದರಿಂದ ಏನು ಲಾಭ? ಜಾಸ್ತಿ ಮರಿ ಹಾಕಲು ಗೆಡ್ಡೆ ಮಾಡುತ್ತದಾ?

ಪಿಪೆಟ್ ರಾಜ

ತಮ್ಮಾ, ಲಾಭ ಸೊನ್ನೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗವೇ ಇದು, ಸ್ವಲ್ಪ ಉದ್ದ ಆಗುತ್ತದೆ ಓದಿಕೋ.

ಮಾಮೂಲಿ ಜೀವನದಲ್ಲಿ ಈ ವೈರಸ್ ನಮ್ಮ ಡಿಎನ್‌ಎಗೆ ಹೊಲಿದುಕೊಳ್ಳುವುದೇ ಇಲ್ಲ. ಅದರದು ಉಂಗುರದ ಥರ ಒಂದು ಪುಟ್ಟ ಡಿಎನ್‌ಎ. ಕೋಶದೊಳಗೆ ಬರುತ್ತದೆ, ನಕಲು ಆಗುತ್ತದೆ, ಹೊರಗೆ ಹೋಗುತ್ತದೆ. ಹಾಗಾದರೆ ಟಿ ಪ್ರೋಟೀನ್ ಯಾಕೆ ಇಟ್ಟುಕೊಂಡಿದೆ ಅಂದರೆ, ನಕಲು ಮಾಡಲು ಬೇಕಾದ ಸಾಮಾನು ಅದರ ಹತ್ತಿರ ಇಲ್ಲ. ಕೋಶ ಒಡೆಯಲು ತಯಾರಾದಾಗ ಮಾತ್ರ ಆ ಸಾಮಾನು ಹೊರಗೆ ಬರುತ್ತದೆ. ಅದಕ್ಕೆ ತೂಬು ಸ್ವಲ್ಪ ಹೊತ್ತು ತೆಗೆಸುತ್ತದೆ, ತನ್ನ ಕೆಲಸ ಮುಗಿಸಿಕೊಳ್ಳುತ್ತದೆ.

ಗೆಡ್ಡೆ ಆಗಬೇಕಾದರೆ ಎರಡು ಅಪಘಾತ ಆಗಬೇಕು. ಮೊದಲನೆಯದು, ವೈರಸ್ಸಿನ ಉಂಗುರ ತುಂಡಾಗಿ ತಪ್ಪಿ ನಮ್ಮ ಡಿಎನ್‌ಎಗೆ ಹೊಲಿದುಕೊಳ್ಳುವುದು. ಎರಡನೆಯದು ಇನ್ನೂ ವಿಚಿತ್ರ. ದೊಡ್ಡ ಟಿಯ ಮುಂದಿನ ಅರ್ಧದಲ್ಲಿ ಆರ್‌ಬಿ ಹಿಡಿಯುವ ಕೊಕ್ಕೆ ಇದೆ. ಹಿಂದಿನ ಅರ್ಧದಲ್ಲಿ ವೈರಸ್ಸನ್ನು ನಕಲು ಮಾಡುವ ಯಂತ್ರ ಇದೆ. ಗೆಡ್ಡೆಗಳಿಂದ ತೆಗೆದ ವೈರಸ್ಸುಗಳಲ್ಲಿ ನೋಡಿದರೆ ಈ ಹಿಂದಿನ ಅರ್ಧ ತುಂಡಾಗಿರುತ್ತದೆ. ಬೇರೆ ಬೇರೆ ರೋಗಿಗಳಲ್ಲಿ ತುಂಡಾದ ಜಾಗ ಬೇರೆ ಬೇರೆ, ಆದರೆ ಕೊಕ್ಕೆ ಮಾತ್ರ ಉಳಿದಿರುತ್ತದೆ.

ಯಾಕೆ ಹೀಗೆ? ಹಿಂದಿನ ಅರ್ಧ ಉಳಿದಿದ್ದರೆ, ಹೊಲಿದುಕೊಂಡ ವೈರಸ್ ಅಲ್ಲೇ ಕೂತು ತನ್ನನ್ನು ನಕಲು ಮಾಡಲು ಶುರು ಮಾಡುತ್ತದೆ. ಸುತ್ತ ಇರುವುದು ನಮ್ಮ ಡಿಎನ್‌ಎ. ಅದೂ ಹರಿದು ಚಿಂದಿ ಆಗುತ್ತದೆ. ಕೋಶ ಸಾಯುತ್ತದೆ. ಸತ್ತ ಕೋಶ ಗೆಡ್ಡೆ ಆಗಲ್ಲ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದು ಬಾಲ ಕಳೆದುಕೊಂಡವು ಮಾತ್ರ.

ಈಗ ವೈರಸ್ಸಿನ ಕಡೆಯಿಂದ ಯೋಚನೆ ಮಾಡು. ಡಿಎನ್‌ಎಗೆ ಸಿಕ್ಕಿಬಿದ್ದಿದೆ, ನಕಲು ಮಾಡುವ ಯಂತ್ರ ಹೋಗಿದೆ. ಇನ್ನು ಇನ್ನೊಬ್ಬರ ಮೈಗೆ ಹೋಗುವ ದಾರಿ ಇಲ್ಲ. ರೋಗಿಗೂ ನಷ್ಟ, ವೈರಸ್ಸಿಗೂ ನಷ್ಟ.

ಕೆರೆ ಏರಿ

ಕೋಲಾರದ ಕಡೆ ಒಂದು ಮಾತಿದೆ, ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಸರಿಯಾಗಿ ಹೊಂದುತ್ತದೆ.

ಮೇಣದಚ್ಚು

ಮೇಷ್ಟ್ರೇ! 😄

ಪಿಪೆಟ್ ರಾಜ ಅವರೇ, ಒಂದು ತಕರಾರು. ನೀವು ದೊಡ್ಡ ಟಿಯನ್ನೇ ಯಜಮಾನ ಮಾಡಿದ್ದೀರಿ. ನಾನು ಓದಿದ್ದು ಬೇರೆ. 2011ರಲ್ಲಿ ಪಿಟ್ಸ್‌ಬರ್ಗ್ ತಂಡವೇ ತೋರಿಸಿದ್ದು, ಇಲಿಯ ಕೋಶಗಳಿಗೆ ಸಣ್ಣ ಟಿ ಹಾಕಿದರೆ ಅವು ಗೆಡ್ಡೆಯ ಕೋಶದ ಹಾಗೆ ವರ್ತಿಸುತ್ತವೆ, ದೊಡ್ಡ ಟಿ ಒಂದನ್ನೇ ಹಾಕಿದರೆ ಹಾಗಾಗಲ್ಲ. ಪ್ರೋಟೀನ್ ತಯಾರಿಕೆಗೆ ಕಡಿವಾಣ ಹಾಕುವ 4ಇ-ಬಿಪಿ1 ಅಂತ ಒಂದಿದೆಯಂತೆ, ಸಣ್ಣ ಟಿ ಆ ಕಡಿವಾಣ ಬಿಚ್ಚಿಸುತ್ತದೆ. ಹಾಗಾದರೆ ಯಜಮಾನ ಸಣ್ಣದಲ್ವಾ?

ಪಿಪೆಟ್ ರಾಜ

ಸಿಕ್ಕಿಹಾಕಿಸಿದಿರಿ. ಈ ಜಗಳ ಲ್ಯಾಬುಗಳ ನಡುವೆಯೂ ಇದೆ. ಇಲಿಯ ಕೋಶವನ್ನು ಹೊಸದಾಗಿ ಕೆಡಿಸಲು ಸಣ್ಣ ಟಿ ಮುಖ್ಯ. ಆದರೆ ಈಗಾಗಲೇ ರೋಗಿಯಿಂದ ಬಂದ ಗೆಡ್ಡೆಯ ಕೋಶಗಳಲ್ಲಿ ಸಣ್ಣ ಟಿ ಒಂದನ್ನೇ ತೆಗೆದಾಗ ಕೆಲವು ಲ್ಯಾಬುಗಳಲ್ಲಿ ಬೆಳವಣಿಗೆ ನಿಂತಿದೆ, ಜರ್ಮನಿಯ ಗುಂಪಿಗೆ ಹಲವು ಕೋಶಗಳಲ್ಲಿ ಅಂಥ ಫರಕು ಕಂಡಿಲ್ಲ. ದೊಡ್ಡ ಟಿಯ ಆರ್‌ಬಿ ಕೊಕ್ಕೆ ಬೇಕೇ ಬೇಕು ಅನ್ನುವುದು ಅವರ ವಾದ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಹೊತ್ತಿಸುವುದಕ್ಕೆ ಸಣ್ಣದು, ಉರಿ ಆರದ ಹಾಗೆ ನೋಡಿಕೊಳ್ಳುವುದಕ್ಕೆ ದೊಡ್ಡದು. ಆದರೆ ಸಣ್ಣ ಟಿ ಬಗ್ಗೆ ಹೀಗೆ ಹಗುರವಾಗಿ ಮಾತಾಡಿದರೆ ಪಿಟ್ಸ್‌ಬರ್ಗ್ ಕಡೆಯವರು ಒಪ್ಪಲ್ಲ, ಗೊತ್ತು.

ಚಾಮುಂಡಿ ತಪ್ಪಲು

ಕ್ಷಮಿಸಿ, ಮಧ್ಯೆ ಬರುತ್ತಿದ್ದೇನೆ. ಎರಡು ದಿನದಿಂದ ಓದುತ್ತಿದ್ದೇನೆ, ಭಯ ಆಗಿದೆ. ನಮ್ಮಮ್ಮನಿಗೆ 63. ಆರು ವರ್ಷದ ಹಿಂದೆ ಕಿಡ್ನಿ ಕಸಿ ಆಗಿದೆ. ಕಸಿ ಕಿಡ್ನಿ ಉಳಿಯಲು ದಿನಾ ಮಾತ್ರೆ. ಎರಡು ತಿಂಗಳಿಂದ ಮೊಣಕೈ ಮೇಲೆ ಒಂದು ಗಂಟು. ಮೊದಲು ಕಡಲೆಕಾಳಿನಷ್ಟು ಇತ್ತು, ಈಗ ಗೋಲಿಯಷ್ಟಾಗಿದೆ. ನೋವಿಲ್ಲ. ಸ್ವಲ್ಪ ಕೆಂಪು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಕೈಯಲ್ಲಿ ಮುಟ್ಟಿಯೂ ನೋಡದೆ ಕೊಬ್ಬಿನ ಗಂಟು, ಏನೂ ಬೇಡ ಅಂದರು. ಕಸಿ ಆಗಿದೆ ಸರ್ ಅಂದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಈಗ ಇಲ್ಲಿ ನೋಡಿದರೆ ಕಾವಲು ಕಡಿಮೆ ಇದ್ದವರಿಗೆ ಬರುತ್ತದೆ ಅಂತಿದೆ. ಮನೆಯಲ್ಲಿ ಮಗು ಇದೆ, ಅಂಟುತ್ತದಾ?

ಬ್ರಿಸ್ಬೇನ್ ಭಾವ

ಅಕ್ಕ, ಮೊದಲು ಅಂಟುವ ವಿಷಯ. ಕ್ಯಾನ್ಸರ್ ಅಂಟಲ್ಲ. ವೈರಸ್ಸಿಗೆ ಹೆದರಿ ಮಗುವನ್ನು ಅಜ್ಜಿಯಿಂದ ದೂರ ಇಡಬೇಡಿ. ದೊಡ್ಡವರಲ್ಲಿ ಬಹುಪಾಲು ಜನರ ರಕ್ತದಲ್ಲಿ ಈ ವೈರಸ್ ವಿರುದ್ಧದ ಆ್ಯಂಟಿಬಾಡಿ ಇದೆ. ಚಿಕ್ಕಂದಿನಲ್ಲೇ ಬಂದು ಸೇರಿರುತ್ತದೆ. ನನ್ನ ಮೈಮೇಲೂ ಇರಬಹುದು, ನಿಮ್ಮ ಮೈಮೇಲೂ. ಮೇಲೆ ಹೇಳಿದ ಆ ಎರಡು ಅಪಘಾತ ಆಗುವುದು ತುಂಬಾ ತುಂಬಾ ಅಪರೂಪ. ಅಮೆರಿಕದಂಥ ದೇಶದಲ್ಲೇ ವರ್ಷಕ್ಕೆ ಸುಮಾರು 3,000 ಜನರಿಗೆ ಈ ಕ್ಯಾನ್ಸರ್. ಅದರಲ್ಲೂ ಹೆಚ್ಚಿನವರು ಬಿಳಿಯರು. ನಮ್ಮ ಚರ್ಮದವರಲ್ಲಿ ಇನ್ನೂ ಕಡಿಮೆ.

ಆದರೆ ನೀವು ಹೇಳಿದ ಗಂಟನ್ನು ನಾನಾಗಿದ್ದರೆ ಬಿಡುತ್ತಿರಲಿಲ್ಲ. ನಮಗೆ ಕ್ಲಿನಿಕ್ಕಿನಲ್ಲಿ ಹೇಳಿಕೊಡುವುದು ಐದು ಗುರುತು. ನೋವಿಲ್ಲ, ಬೇಗ ಬೆಳೆಯುತ್ತಿದೆ, ಮೈಯ ಕಾವಲು ಕಡಿಮೆ ಇದೆ, ವಯಸ್ಸು 50 ದಾಟಿದೆ, ಬಿಸಿಲು ಬೀಳುವ ಜಾಗ. 2008ರಲ್ಲಿ 195 ರೋಗಿಗಳನ್ನು ನೋಡಿ ಈ ಪಟ್ಟಿ ಮಾಡಿದ್ದು, ಅವರಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಕನಿಷ್ಠ ಮೂರು ಗುರುತು ಇತ್ತು. ಇದರರ್ಥ ಮೂರು ಗುರುತು ಇದ್ದವರಿಗೆಲ್ಲ ಮರ್ಕೆಲ್ ಅಂತಲ್ಲ! ಆದರೆ ಕಣ್ಣಲ್ಲಿ ನೋಡಿ ಕೊಬ್ಬಿನ ಗಂಟು ಅನ್ನುವ ಹಾಗೂ ಇಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಕಸಿ ಆದವರಿಗೆ ಬೇರೆ ಚರ್ಮದ ಕ್ಯಾನ್ಸರುಗಳೂ ಜಾಸ್ತಿ ಬರುತ್ತವೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದವರ ಮಾತು ತಪ್ಪು.

ಕಿಡ್ನಿ ಡಾಕ್ಟರಿಗೇ ನಾಳೆ ಫೋನ್ ಮಾಡಿ. ಇನ್ನೊಂದು ಮಾತು, ದಯವಿಟ್ಟು ಇದನ್ನೆಲ್ಲ ಓದಿ ಅಮ್ಮನ ಮಾತ್ರೆ ನೀವೇ ಕಡಿಮೆ ಮಾಡಬೇಡಿ. ಕಿಡ್ನಿ ಹೋಗಿಬಿಡುತ್ತದೆ.

ಕೆರೆ ಏರಿ

ತಾಯಿ, ನಾಳೆ ಅಲ್ಲ, ಇವತ್ತೇ ಫೋನ್ ಮಾಡು.

ನೇರನುಡಿ

ಗಂಟಿಗೆ ಅರಿಶಿನ, ಸುಣ್ಣ ಹಚ್ಚಿ ಅಂತ ಬರೆಯಲು ಬಂದಿದ್ದೆ. ಬೇಡ. ಕಸಿ ಆದವರಿಗೆ ನನ್ನ ಸಲಹೆ ಬೇಡ. ಹೋಗಿ ತೋರಿಸಿ.

ಎರಡನೇ ಪಿಯುಸಿ

ನರಹುಲಿ ಕೂಡ ಇದೇ ವೈರಸ್ಸಾ? ನನ್ನ ಕೈಮೇಲೆ ಮೂರು ಇದೆ.

ಬ್ರಿಸ್ಬೇನ್ ಭಾವ

ಅಲ್ಲ, ನರಹುಲಿ ಎಚ್‌ಪಿವಿ ಗುಂಪಿನದು. ಅದರಲ್ಲೂ ಕೈಗೆ ಬರುವ ಜಾತಿಯೇ ಬೇರೆ, ಕ್ಯಾನ್ಸರಿನ ಜಾತಿಯೇ ಬೇರೆ. ಕಚ್ಚಿ ಕಚ್ಚಿ ಕೀಳಬೇಡ, ಹರಡುತ್ತದೆ.

ಮೇಣದಚ್ಚು

ಚಿಕಿತ್ಸೆ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕಂದರೆ ಇಲ್ಲೂ ಅದೇ ಪ್ರೋಟೀನ್ ಬರುತ್ತದೆ. ಮೊದಲು ಆಪರೇಷನ್, ರೇಡಿಯೇಷನ್. ಕೀಮೋ ಕೊಟ್ಟರೆ ಗೆಡ್ಡೆ ಕರಗುತ್ತದೆ, ಕೆಲವೇ ತಿಂಗಳಲ್ಲಿ ವಾಪಸ್ ಬರುತ್ತದೆ. ಮೆಲನೋಮಾ ಅನ್ನುವ ಇನ್ನೊಂದು ಚರ್ಮದ ಕ್ಯಾನ್ಸರಿಗಿಂತ ಅಪರೂಪ, ಆದರೆ ಬಂದವರಲ್ಲಿ ಉಳಿಯದವರ ಪಾಲು ಜಾಸ್ತಿ. ಅಮೆರಿಕದ ಗಾಯಕ ಜಿಮ್ಮಿ ಬಫೆಟ್ 2023ರಲ್ಲಿ ತೀರಿಹೋದದ್ದು ಇದರಿಂದಲೇ. ಇಲ್ಲಿ ತುಂಬಾ ಜನ ಈ ಕ್ಯಾನ್ಸರಿನ ಹೆಸರು ಕೇಳಿದ್ದೇ ಆಗ.

ಚಿತ್ರ ಬದಲಾದದ್ದು ಇಮ್ಯುನೋಥೆರಪಿಯಿಂದ. 2017ರ ಮಾರ್ಚ್‌ನಲ್ಲಿ ಅವೆಲುಮ್ಯಾಬ್‌ಗೆ ಇಲ್ಲಿ ಒಪ್ಪಿಗೆ ಸಿಕ್ಕಿತು, ಈ ಕ್ಯಾನ್ಸರಿಗೆ ಅಂತಲೇ ಒಪ್ಪಿದ ಮೊದಲ ಔಷಧಿ. 2018ರ ಡಿಸೆಂಬರ್‌ನಲ್ಲಿ ಪೆಂಬ್ರೊಲಿಜುಮ್ಯಾಬ್. ಇವು ಗೆಡ್ಡೆಯನ್ನು ನೇರ ಕೊಲ್ಲಲ್ಲ, ಗೆಡ್ಡೆ ನಮ್ಮ ಕಾವಲು ಕೋಶಗಳ ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚುತ್ತವೆ. ಟಿ ಪ್ರೋಟೀನ್ ನಮ್ಮ ಮೈಯದಲ್ಲ, ಹೊರಗಿನದು. ಗೆಡ್ಡೆ ಅದಿಲ್ಲದೆ ಬದುಕಲ್ಲ, ಆದ್ದರಿಂದ ಅದನ್ನು ಬಿಸಾಡುವ ಹಾಗೂ ಇಲ್ಲ. ಪಟ್ಟಿ ಬಿಚ್ಚಿದ ಮೇಲೆ ಕಾವಲು ಕೋಶಗಳಿಗೆ ಗುರುತು ಸಿಗುತ್ತದೆ. ವೈರಸ್ ಇಲ್ಲದ ಬಿಸಿಲಿನ ಗೆಡ್ಡೆಗಳಿಗೂ ಈ ಔಷಧಿ ಹಿಡಿಯುತ್ತದೆ. ಅಲ್ಲಿ ಸಾವಿರಾರು ತಪ್ಪುಗಳಿಂದ ಹುಟ್ಟಿದ ವಿಚಿತ್ರ ಪ್ರೋಟೀನುಗಳೇ ಗುರುತು.

ಇನ್ನೊಂದು ಉಪಯೋಗ ಸಿಯಾಟಲ್‌ನಲ್ಲಿ ಪಾಲ್ ನೀಮ್ ಅವರ ತಂಡ ಬೆಳೆಸಿದ್ದು. ಅರ್ಧದಷ್ಟು ರೋಗಿಗಳ ರಕ್ತದಲ್ಲಿ ಟಿ ಪ್ರೋಟೀನ್ ವಿರುದ್ಧ ಆ್ಯಂಟಿಬಾಡಿ ಇರುತ್ತದೆ. ಗೆಡ್ಡೆ ತೆಗೆದ ಮೇಲೆ ಅದು ಇಳಿಯುತ್ತಾ ಹೋಗಬೇಕು. ಇಳಿದದ್ದು ಮತ್ತೆ ಏರಿದರೆ ಎಲ್ಲೋ ಗೆಡ್ಡೆ ವಾಪಸ್ ಬಂದಿದೆ ಅಂತ ಸ್ಕ್ಯಾನ್ ಮಾಡಿಸುತ್ತಾರೆ.

ಚಾಮುಂಡಿ ತಪ್ಪಲು

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಕಿಡ್ನಿ ಡಾಕ್ಟರು ಫೋನಿನಲ್ಲೇ ಬೈದರು, ಎರಡು ತಿಂಗಳು ಯಾಕೆ ಸುಮ್ಮನಿದ್ದಿರಿ ಅಂತ. ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಇವತ್ತು ಬೆಳಗ್ಗೆ ಬಯಾಪ್ಸಿ ಆಯಿತು. ಹತ್ತು ನಿಮಿಷ ಅಷ್ಟೇ. ಅಮ್ಮ ಆರಾಮಾಗಿದ್ದಾರೆ, ಬರುವಾಗ ದಾರಿಯಲ್ಲಿ ದೋಸೆ ತಿಂದರು. ರಿಪೋರ್ಟಿಗೆ ನಾಲ್ಕೈದು ದಿನ ಅಂದರು. ಅಷ್ಟು ದಿನ ಯಾಕೆ ಬೇಕು? ಏನೋ ಮುಚ್ಚಿಡುತ್ತಿದ್ದಾರಾ ಅಂತ ತಲೆ ಕೆಟ್ಟಿದೆ.

ಮೇಣದಚ್ಚು

ಮುಚ್ಚಿಡುತ್ತಿಲ್ಲ ಅಕ್ಕ, ಇದು ನನ್ನ ಅಡುಗೆಮನೆ ವಿಷಯ, ಹೇಳುತ್ತೇನೆ ಕೇಳಿ. ಅಮ್ಮನ ಚೂರು ಈಗ ಒಂದು ಪುಟ್ಟ ಡಬ್ಬಿಯಲ್ಲಿ ಫಾರ್ಮಲಿನ್‌ನಲ್ಲಿ ನೆನೆಯುತ್ತಿರುತ್ತದೆ. ಇವತ್ತು ರಾತ್ರಿ ಪೂರ್ತಿ ನೆನೆಯಬೇಕು, ಇಲ್ಲದಿದ್ದರೆ ಒಳಗೆ ಹಸಿ ಉಳಿಯುತ್ತದೆ. ನಾಳೆ ಅಳತೆ ತೆಗೆದು ಮೆಷಿನ್ನಿಗೆ ಹಾಕುತ್ತಾರೆ. ಅದು ರಾತ್ರಿಯೆಲ್ಲ ನೀರು ತೆಗೆದು ಮೇಣ ತುಂಬುತ್ತದೆ. ನಾಡಿದ್ದು ನನ್ನಂಥವಳು ಒಬ್ಬಳು ಅಚ್ಚು ಹಾಕಿ, ತಣ್ಣಗೆ ಮಾಡಿ, ಸೀಳಿ, ಮಾಮೂಲಿ ಬಣ್ಣ ಹಾಕಿ ಡಾಕ್ಟರಿಗೆ ಕೊಡುತ್ತಾಳೆ. ಅವರು ನೋಡಿ ಇನ್ನೊಂದು ಬಣ್ಣ ಬೇಕು ಅಂದರೆ ಮತ್ತೊಂದು ದಿನ. ತಡ ಆದರೆ ಕೆಟ್ಟ ಸುದ್ದಿ ಅಂತ ಅಲ್ಲವೇ ಅಲ್ಲ. ಎಷ್ಟೋ ಸಲ ಬ್ಲಾಕ್ ಸರಿಯಾಗಿ ಗಟ್ಟಿ ಆಗಿಲ್ಲ ಅಂತ ನಾನೇ ಒಂದು ದಿನ ತಡ ಮಾಡಿದ್ದೇನೆ.

ಚೀಟಿಯಲ್ಲಿ ಕಿಡ್ನಿ ಕಸಿ ಆಗಿದೆ ಅಂತ ಬರೆದಿದ್ದಾರಾ ಕೇಳಿ. ಬರೆದಿದ್ದರೆ ನೋಡುವವರು ಯಾವ ಬಣ್ಣ ಹಾಕಿಸಬೇಕು ಅಂತ ಬೇಗ ತೀರ್ಮಾನ ಮಾಡುತ್ತಾರೆ.

ಚಾಮುಂಡಿ ತಪ್ಪಲು

ಈಗ ಫೋನ್ ಮಾಡಿ ಕೇಳಿದೆ. ಬರೆದಿರಲಿಲ್ಲ. ಸೇರಿಸುತ್ತೇವೆ ಅಂದರು. ಶುಕ್ರವಾರ ಬನ್ನಿ ಅಂದಿದ್ದಾರೆ. ಬಂದ ಮೇಲೆ ಇಲ್ಲೇ ಹಾಕುತ್ತೇನೆ.

ಕೆರೆ ಏರಿ

ಕಾಯುತ್ತಿರುತ್ತೇವೆ ತಾಯಿ. ಅಮ್ಮನಿಗೆ ಮೇಷ್ಟ್ರು ಕೇಳಿದರು ಅಂತ ಹೇಳು.